ಬಸ್ಸಿಗಾಗಿ ನಡೆದ ಏಳು ಕಿಲೋಮೀಟರು

ದೇವರ ಮುಂದೆ ಕೈ ಮುಗಿದು ನಿಲ್ಲುವ ಮೊದಲೇ ಏನು ಕೇಳಬೇಕೆಂದು ಯೋಚಿಸಿಕೊಂಡು ಹೋಗಬೇಕು ಎಂಬ ಬುದ್ಧಿ ನನಗೆ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ನಮ್ಮತ್ತೆಗೆ ಅದು ಮೊದಲಿನಿಂದಲೂ ಇತ್ತು. ಅವರು ಬೇಡಿಕೊಳ್ಳುವುದೆಂದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತುಂಬಿದ ಹಾಗೆ. ಎಮ್ಮೆಗೆ ಹುಷಾರಿಲ್ಲದಿದ್ದರೆ 'ನಮ್ಮ ಎಮ್ಮೆ' ಎಂದು ಸುಮ್ಮನೆ ಹೇಳುತ್ತಿರಲಿಲ್ಲ. ಬಲಗೊಂಬು ಮುರಿದದ್ದು, ಹಣೆಯ ಮೇಲೆ ಬಿಳಿ ಚುಕ್ಕೆ ಇರುವುದು, ಕೊಟ್ಟಿಗೆಯಲ್ಲಿ ಗೋಡೆ ಪಕ್ಕಕ್ಕೆ ಕಟ್ಟಿರುವುದು ಎಂದು ಗುರುತು ಹೇಳಿ, ದೇವರು ತಪ್ಪಿ ಪಕ್ಕದ ಮನೆಯವರ ಎಮ್ಮೆಯನ್ನು ವಾಸಿಮಾಡಿಬಿಡದಂತೆ ಎಚ್ಚರ ವಹಿಸುತ್ತಿದ್ದರು. ನಾನು ಹಾಗಲ್ಲ. ಅಷ್ಟು ದೊಡ್ಡವನ ಹತ್ತಿರ ವಿವರ ಹೇಳಲು ನನಗೆ ನಾಚಿಕೆ. 'ಎಲ್ಲ ನಿನಗೇ ಗೊತ್ತಲ್ಲಪ್ಪ' ಎಂದು ಗಂಟೆ ಬಾರಿಸಿ, ಕಾಯಿಯ ಹೋಳು ಹಿಡಿದು ಮನೆಗೆ ಬಂದುಬಿಡುತ್ತೇನೆ. ಈ ಅಭ್ಯಾಸದಿಂದ ಆದ ಅನಾಹುತವನ್ನು ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಹೇಳಿಲ್ಲ. ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಸಣ್ಣ ಊರು. ಚನ್ನಗಿರಿಯಿಂದ ಹೊರಟು, ದೊಡ್ಡ ರಸ್ತೆ ಬಿಟ್ಟು ನಮ್ಮೂರೊಳಗೆ ಹಾದು ಸಂತೇಬೆನ್ನೂರಿಗೆ ಹೋಗುವ ಒಂದು ಬಸ್ಸಿತ್ತು. ಅದಕ್ಕೆ ಹತ್ತು ಗಂಟೆ ಬಸ್ಸು ಎಂದು ಹೆಸರು. ಹತ್ತು ಗಂಟೆಗೆ ಅದು ಬಂದದ್ದನ್ನು ನಾನಂತೂ ನೋಡಿಲ್ಲ. ದಿನಾ ಇಪ್ಪತ್ತು ನಿಮಿಷ ತಡ. ಆ ಇಪ್ಪತ್ತು ನಿಮಿಷದಲ್ಲಿ ನಾನು ಪಾತ್ರೆ ತೊಳೆದು ಸೀರೆ ಬದಲಾಯಿಸಿಕೊಳ್ಳುತ್ತಿದ್ದೆನಾದ್ದರಿಂದ ಅದನ್ನೂ ದೇವರ ಕೃಪೆಯೆಂದೇ ಎಣಿಸಿಕೊಂಡಿದ್ದೆ. ಸಂಜೆ ನಾಲ್ಕಕ್ಕೆ ಅದೇ ಬಸ್ಸು ವಾಪಸು. ನಮ್ಮೂರಿನ ಗಂಡಸರಿಗೆಲ್ಲ ಬೈಕುಗಳಿವೆ. ಹೀಗಾಗಿ ಬಸ್ಸು ಹೆಂಗಸರದು, ಮಕ್ಕಳದು, ಬುಟ್ಟಿಯೊಳಗಿನ ಕೋಳಿಗಳದು. ಹೆಂಗಸರಿಗೆ ಟಿಕೆಟ್ಟಿಗೆ ಕಾಸು ಕೊಡುವಂತಿಲ್ಲ ಎಂದಾದ ಮೇಲೆ ಗಂಡಸರು ಅರಳಿಕಟ್ಟೆಯಲ್ಲಿ ಕೂತು, ಪುಕ್ಕಟೆ ಅಂತ ಇವರೆಲ್ಲ ಊರೂರು ಸುತ್ತಾಕೆ ಹತ್ತಿದಾರೆ ಎಂದು ಆಡಿಕೊಳ್ಳುತ್ತಿದ್ದರು. ನಾನು ಸುತ್ತಿದ್ದು ಒಂದೇ ಊರು, ವಾರಕ್ಕೆ ಒಂದೇ ಸಲ, ಸೋಮವಾರ. ಸಂತೇಬೆನ್ನೂರಿನಲ್ಲಿ ನಮ್ಮಕ್ಕನ ಮನೆಯಿದೆ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಕಣ್ಣು ಮುಕ್ಕಾಲು ಪಾಲು ಹೋಗಿದೆ. ಮಗ ಸೊಸೆ ಜೊತೆಗೇ ಇದ್ದಾರೆ, ಒಳ್ಳೆಯವರು, ಆದರೆ ಎಂಟು ಗಂಟೆಗೆಲ್ಲ ಇಬ್ಬರೂ ಕೆಲಸಕ್ಕೆ ಹೊರಡುತ್ತಾರೆ. ನಾನು ಹೋಗುತ್ತಿದ್ದುದು ಅಕ್ಕನ ಉಗುರು ತೆಗೆಯಲು. ನಗಬೇಡಿ. ಸಕ್ಕರೆ ಕಾಯಿಲೆಯವರ ಕಾಲಿಗೆ ಗಾಯವಾದರೆ ಮಾಯುವುದಿಲ್ಲ, ಹುಷಾರಾಗಿ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಒಮ್ಮೆ ಸೊಸೆ ಅವಸರದಲ್ಲಿ ತೆಗೆಯಲು ಹೋಗಿ ರಕ್ತ ಬಂದಿತ್ತು. ಅಂದಿನಿಂದ ಅಕ್ಕ ಕಾಲು ಚಾಚುವುದು ನನ್ನ ಮಡಿಲಿಗೆ ಮಾತ್ರ. ಒಂದು ವಾರ ಕೈ, ಇನ್ನೊಂದು ವಾರ ಕಾಲು. "ವಾರಕ್ಕೆ ಎಷ್ಟು ಉಗುರು ಬೆಳಿತೈತೆ, ತಿಂಗಳಿಗೊಂದು ಸಲ ಹೋದ್ರೆ ಸಾಲದಾ?" ಎಂದು ನಮ್ಮ ಯಜಮಾನರು ಕೇಳಿದ್ದುಂಟು. ಉಗುರು ಅಷ್ಟೇನೂ ಬೆಳೆಯುವುದಿಲ್ಲ ಎಂಬುದು ಅಕ್ಕನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕೈಯನ್ನೂ ಕಾಲನ್ನೂ ಬೇರೆ ಬೇರೆ ವಾರಕ್ಕೆ ಹಂಚಿಕೊಂಡಿದ್ದೆವು.

ಈ ಬಸ್ಸನ್ನು ನಿಲ್ಲಿಸುತ್ತಾರೆ ಎಂದು ಮೊದಲು ಹೇಳಿದವನು ಅದರ ಕಂಡಕ್ಟರು ಮಂಜಣ್ಣ. ಜನ ಸಾಲದು ಎಂದು ಮೇಲಿನವರು ಹೇಳುತ್ತಿದ್ದಾರಂತೆ. ಅದೂ ಅಲ್ಲದೆ ನಮ್ಮೂರವರು ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ ಒಣಗಿಸುತ್ತಾರೆ, ಬಸ್ಸಿನ ಚಕ್ರ ಜಾರುತ್ತದೆ ಎಂದು ಡ್ರೈವರು ಬರೆದುಕೊಟ್ಟಿದ್ದನಂತೆ. ಅದು ನಿಜ. ಬಸ್ಸು ತಿರುಗುವ ಜಾಗದಲ್ಲೇ ಹರವಿದ ರಾಶಿ ನಮ್ಮ ಮನೆಯದು. ಯಜಮಾನರಿಗೆ ಹೇಳಿದರೆ, ರಸ್ತೆ ಇರೋದು ಮತ್ಯಾತಕ್ಕೆ ಎಂದರು.

ಸುದ್ದಿ ಹರಡಿದ ಮೂರು ದಿನಕ್ಕೆ ಬಸ್ಸು ಉಳಿಸುವ ಸಮಿತಿಯೊಂದು ಹುಟ್ಟಿತು. ಹನ್ನೊಂದು ಜನ, ಹನ್ನೊಂದೂ ಗಂಡಸರು, ಹನ್ನೊಂದೂ ಬೈಕುಗಳು. ಅಧ್ಯಕ್ಷರು ಆ ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೆಂದರೆ, ಮೊದಲ ಸಭೆಯಲ್ಲಿ ಅದು ಹೊನ್ನಾಳಿಗೆ ಹೋಗುತ್ತದೆ ಎಂದೇ ಭಾಷಣ ಶುರುಮಾಡಿದರು. ಹಿಂದೆ ಕೂತಿದ್ದ ರುದ್ರಮ್ಮ ಸಂತೇಬೆನ್ನೂರು, ಸಂತೇಬೆನ್ನೂರು ಎಂದು ಎರಡು ಸಲ ಹೇಳಬೇಕಾಯಿತು. ರುದ್ರಮ್ಮ ನಮ್ಮ ಪಕ್ಕದ ಮನೆಯವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಸಭೆ ಈಶ್ವರನ ಗುಡಿಯಲ್ಲಿ ನಡೆದದ್ದರಿಂದ ಹೆಂಗಸರಿಗೂ ಒಂದು ಮೂಲೆ ಸಿಕ್ಕಿತ್ತು. ಮನವಿ ಕೊಡೋಣ, ರಸ್ತೆ ತಡೆ ಮಾಡೋಣ ಎಂದೆಲ್ಲ ಮಾತು ಬಂತು. ದಿನಕ್ಕೊಂದೇ ಬಸ್ಸು ಬರುವ ರಸ್ತೆಯನ್ನು ತಡೆದರೆ ನಿಲ್ಲುವುದು ಅದೊಂದೇ ಅಲ್ಲವೇ ಎಂದು ಯಾರಿಗೂ ಹೊಳೆದಂತಿರಲಿಲ್ಲ.

ಆಗ ಎದ್ದು ನಿಂತವಳು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಈಶ್ವರನಿಗೆ ಕಾಯಿ ಕಟ್ಟಿ, ಬರುವ ಸೋಮವಾರ ಹೆಂಗಸರೆಲ್ಲ ಬರಿಗಾಲಲ್ಲಿ ಸಂತೇಬೆನ್ನೂರಿಗೆ ಪಾದಯಾತ್ರೆ ಹೋಗೋಣ, ಅಲ್ಲಿ ಬಸ್ಸಿನ ಸಾಹೇಬರಿಗೆ ಮನವಿ ಕೊಡೋಣ ಎಂದುಬಿಟ್ಟೆ. ಸಭೆಗೆ ಬಹಳ ಹಿಡಿಸಿತು. ಗಂಡಸರಿಗೆ ಇನ್ನೂ ಹೆಚ್ಚು ಹಿಡಿಸಿತು, ಏಕೆಂದರೆ ನಡೆಯಬೇಕಾದವರು ಅವರಲ್ಲ. ನಮ್ಮ ಕಡೆ ಹರಕೆಯ ಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗುಡಿಯ ತೊಲೆಗೆ ಕಟ್ಟಿದರೆ ಮುಗಿಯಿತು. ನಡಿಗೆ ಶುರುವಾದ ಮೇಲೆ ಮುಗಿಯುವ ತನಕ ಚಪ್ಪಲಿ ಮೆಟ್ಟುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಕಾಯಿ ಕಟ್ಟಿದವಳೂ ನಾನೇ.

ಮಾರನೆಯ ದಿನ ಮಂಜಣ್ಣ ಬಸ್ಸಿನಿಂದ ತಲೆ ಹೊರಹಾಕಿ ಇನ್ನೊಂದು ಸುದ್ದಿ ಕೊಟ್ಟ. ಬರುವ ವಾರ ಯಾವುದೋ ಒಂದು ದಿನ ಜನ ಎಣಿಸುವವರು ಬರುತ್ತಾರಂತೆ, ದಿನಾ ಬಸ್ಸು ತುಂಬಿಸಿ ಎಂದ. ಮನೆಮನೆಗೂ ಹೇಳಿದೆ. ಮಂಗಳವಾರದಿಂದ ಶನಿವಾರದ ತನಕ ಯಾವ ದಿನ ಯಾರು ಹತ್ತಬೇಕು ಎಂದು ರುದ್ರಮ್ಮ ಪಾಳಿ ಹಚ್ಚಿದಳು. ಸೋಮವಾರ ಹೇಗೂ ನಡಿಗೆ. ಭಾನುವಾರ ಎಣಿಸುವವರಿಗೆ ರಜೆ, ಉಳಿದ ಆರು ದಿನದಲ್ಲಿ ಸೋಮವಾರವೇ ಬರಬೇಕೆಂದೇನಿದೆ, ಶಿವನ ವಾರ ಬೇರೆ, ಅವನು ನೋಡಿಕೊಳ್ಳುತ್ತಾನೆ ಎಂದು ಎಲ್ಲರಿಗೂ ಧೈರ್ಯ ಹೇಳಿದವಳೂ ನಾನೇ. 'ನಾನೇ' ಎಂಬ ಮಾತು ಇಷ್ಟು ಸಲ ಬರುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಇನ್ನೂ ಒಂದು ಸಲ ಬರಲಿದೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಲವತ್ತಕ್ಕೂ ಹೆಚ್ಚು ಹೆಂಗಸರು ಹೊರಟೆವು. ಬಸ್ಸು ಹತ್ತುವ ಜನ ಊರಲ್ಲಿ ಎಷ್ಟಿದ್ದರೋ ಅಷ್ಟೂ ಜನ ಅವತ್ತು ರಸ್ತೆಯ ಮೇಲಿದ್ದರು. ಈಶ್ವರನ ಪಟವನ್ನು ನಾನು ಎದೆಗವಚಿಕೊಂಡಿದ್ದೆ. ಸಮಿತಿಯವರು ಬೈಕಿನಲ್ಲಿ ಹಿಂದೆ ಮುಂದೆ ಓಡಾಡುತ್ತ ಫೋಟೋ ತೆಗೆದರು, ಮಜ್ಜಿಗೆ ಕೊಟ್ಟರು, ಬೇಗ ಬೇಗ ನಡೀರಿ ಎಂದು ಹುರುಪು ತುಂಬಿದರು. ನನಗೆ ಮೂರು ವರ್ಷದಿಂದ ಮಂಡಿನೋವು. ಗುಡಿಯ ನಾಲ್ಕು ಮೆಟ್ಟಿಲು ಹತ್ತಲೂ ಕಂಬ ಹಿಡಿಯಬೇಕು. ಒಂದು ಮೈಲಿ ಮುಗಿಯುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ನಮ್ಮದೇ ಊರಿನವರು ಹರವಿದ ಮೆಕ್ಕೆಜೋಳದ ಕಾಳು ಅಂಗಾಲಿಗೆ ಒತ್ತುತ್ತಿತ್ತು. ಸುತ್ತ ಎಲ್ಲರೂ ಹರಹರ ಎನ್ನುತ್ತಿದ್ದರೆ ನಾನು ಒಳಗೊಳಗೇ, ಅಪ್ಪಾ, ಕಾಲಿಗೆ ಬಲ ಕೊಡು, ನಡೆಯುವ ಹಾಗೆ ಮಾಡು ಎಂದು ಹೆಜ್ಜೆಗೊಂದು ಸಲ ಕೇಳಿಕೊಳ್ಳುತ್ತಿದ್ದೆ.

ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರ್ನು ಕೇಳಿಸಿತು. ನಮ್ಮ ಬಸ್ಸು. ಪಕ್ಕಕ್ಕೆ ಬಂದು ನಿಂತು ಬಾಗಿಲು ತೆಗೆಯಿತು. ಮಂಜಣ್ಣ ಮೆಟ್ಟಿಲಿಳಿದು ಬಂದು ನನ್ನ ಹತ್ತಿರ ಪಿಸುಗುಟ್ಟಿದ.

"ಅಕ್ಕಾರೆ, ಎಣಿಸೋರು ಇವತ್ತೇ ಬಂದಾರೆ. ಒಳಗೆ ಪುಸ್ತಕ ಹಿಡ್ಕಂಡು ಕುಂತಾರೆ. ಎಲ್ಲಾರೂ ಹತ್ರಿ, ಕೈ ಮುಗಿತೀನಿ."

ಕಿಟಕಿಯಿಂದ ನೋಡಿದೆ. ಇಡೀ ಬಸ್ಸಿನಲ್ಲಿ ಕನ್ನಡಕದ ಒಬ್ಬರೇ ಒಬ್ಬರು, ತೊಡೆಯ ಮೇಲೆ ಪುಸ್ತಕ. ರುದ್ರಮ್ಮ ಆಗಲೇ ಮೆಟ್ಟಿಲಿನ ಕಂಬಿ ಹಿಡಿದಿದ್ದಳು. ಅವಳ ಹಿಂದೆ ಇನ್ನೂ ಹತ್ತು ಜನ ಸರಿದರು. ಎಲ್ಲರೂ ತಿರುಗಿ ನನ್ನ ಮುಖ ನೋಡಿದರು. ಪಟ ಇದ್ದದ್ದು ನನ್ನ ಕೈಯಲ್ಲಲ್ಲವೇ. ರುದ್ರಮ್ಮನ ಸೆರಗು ಹಿಡಿದು ಕೆಳಗೆಳೆದವಳೂ ನಾನೇ.

"ಕಾಯಿ ಕಟ್ಟಿ ಬಂದಿದೀವಿ. ಹರಕೆ ಮುರಿದು ಗಾಡಿ ಹತ್ತಾಕೆ ಆಗಲ್ಲ," ಎಂದೆ.

"ಆ ಗಾಡಿಗೇ ಅಲ್ಲೇನೇ ಹರಕೆ ಹೊತ್ತಿರೋದು," ಎಂದಳು ರುದ್ರಮ್ಮ. ಆದರೂ ಇಳಿದಳು. ಪಟಕ್ಕೆ ಎದುರಾಡುವಷ್ಟು ಜೋರಿನ ಬಾಯಿ ಅವಳದೂ ಅಲ್ಲ. ಮಂಜಣ್ಣ ಈಶ್ವರನ ಪಟ ಮುಟ್ಟಿ ಕಣ್ಣಿಗೊತ್ತಿಕೊಂಡ. ಸೀಟಿ ಊದಿದ. ಖಾಲಿ ಬಸ್ಸು ನಮ್ಮೆಲ್ಲರ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಯಿತು.

ಸಂತೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮನವಿ ತೆಗೆದುಕೊಂಡ ಸಾಹೇಬರು ಕೆಟ್ಟವರಲ್ಲ. ಎಲ್ಲರಿಗೂ ನೀರು ಕೊಡಿಸಿದರು, ಎದ್ದು ನಿಂತೇ ಮಾತಾಡಿದರು. ಅಧ್ಯಕ್ಷರ ಭಾಷಣ ಮುಗಿದ ಮೇಲೆ ನಮ್ಮ ಕಡೆ ತಿರುಗಿ, "ಏಳು ಕಿಲೋಮೀಟರ್ ಬರಿಗಾಲಲ್ಲಿ ಎಷ್ಟು ಚೆನ್ನಾಗಿ ನಡ್ಕೊಂಡು ಬಂದಿದೀರಮ್ಮ. ಪೇಟೆಯವರಿಗೆ ಇದು ಸಾಧ್ಯವಿಲ್ಲ," ಎಂದು ಮೆಚ್ಚಿಕೊಂಡರು. ನಮ್ಮವರೆಲ್ಲ ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಮೆಚ್ಚುಗೆಯಿಂದಲೇ ಒಂದು ಬಸ್ಸನ್ನು ನಿಲ್ಲಿಸಬಹುದು ಎಂದು ಅವತ್ತು ತಿಳಿದಿರಲಿಲ್ಲ.

ಅಲ್ಲಿನ ಗುಡಿಯಲ್ಲಿ ಕಾಯಿ ಒಡೆಸಿ ಹರಕೆ ಮುಗಿಸಿ ಅಕ್ಕನ ಮನೆಗೆ ಹೋದೆ. ಹೆಜ್ಜೆಯ ಸದ್ದಿನಲ್ಲೇ ಏನೋ ಆಗಿದೆ ಎಂದು ಅವಳಿಗೆ ಗೊತ್ತಾಯಿತು. ಅವತ್ತು ಕಾಲಿನ ಉಗುರಿನ ವಾರ. ಆದರೆ ನಾನು ಕೂತಕೂಡಲೇ ಅವಳೇ ನನ್ನ ಕಾಲನ್ನು ಮಡಿಲಿಗೆಳೆದುಕೊಂಡು, ಅಂಗಾಲನ್ನು ಬೆರಳಿನಿಂದ ತಡವಿ ತಡವಿ ನೋಡಿದಳು. ಬೊಬ್ಬೆ ಎದ್ದಿತ್ತು. ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಮೆಕ್ಕೆಜೋಳದ ಕಾಳನ್ನು ತೆಗೆದು ನನ್ನ ಕೈಗಿಟ್ಟಳು.

"ಬರಿಗಾಲಲ್ಲಿ ಯಾತಕ್ಕೆ ಬಂದಿ? ಬಸ್ ಐತಲ್ಲ."

"ಬಸ್ ಉಳಿಸಾಕೆ ಅಕ್ಕ."

ಅಕ್ಕ ಕಾಲು ನೀವುವುದನ್ನು ನಿಲ್ಲಿಸಿದಳು. "ಬಸ್ ಉಳಿಸಾಕೆ ಬಸ್ ಹತ್ತಬೇಕಲ್ಲೇ, ಹುಚ್ಚಿ," ಎಂದಳು. ಮುಕ್ಕಾಲು ಪಾಲು ಕಣ್ಣಿಲ್ಲದವಳಿಗೆ ಕಂಡದ್ದು ಹನ್ನೊಂದು ಜನರ ಸಮಿತಿಗೆ ಕಂಡಿರಲಿಲ್ಲ. ಪಟ ಹಿಡಿದವಳಿಗಂತೂ ಕಂಡಿರಲೇ ಇಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ನಾವೆಲ್ಲ ವಾಪಸು ಬಂದೆವು. ಹರಕೆ ಮುಗಿದಿತ್ತು, ಹತ್ತಬಹುದಿತ್ತು. ಕಾಲಿಡಲು ಜಾಗವಿರಲಿಲ್ಲ. ಎಣಿಸುವವರು ಮಧ್ಯಾಹ್ನವೇ ಕೆಲಸ ಮುಗಿಸಿ ಹೋಗಿದ್ದರು. ಮಂಗಳವಾರದಿಂದ ರುದ್ರಮ್ಮನ ಪಾಳಿಯ ಪ್ರಕಾರ ಐದು ದಿನ ಬಸ್ಸು ತುಂಬಿ ತುಳುಕಿತು. ಯಾರೂ ಎಣಿಸಲಿಲ್ಲ. ತಿಂಗಳೊಳಗೆ ಬಸ್ಸು ನಿಂತಿತು. ಸಮಿತಿಯವರು ಹೋಗಿ ಕೇಳಿದ್ದಕ್ಕೆ, ಪ್ರಯಾಣಿಕರಿಲ್ಲ, ಇರುವವರಿಗೂ ಕಾಲ್ನಡಿಗೆಯ ಅಭ್ಯಾಸವಿದೆ ಎಂಬರ್ಥದ ಉತ್ತರ ಬಂತಂತೆ. ಅಧ್ಯಕ್ಷರು ಅದನ್ನು ಓದಿ ಹೇಳಿ, ಹೋರಾಟ ಮುಂದುವರಿಯುತ್ತದೆ ಎಂದು ಬೈಕು ಹತ್ತಿ ಹೋದರು. ಬಸ್ಸು ತಿರುಗುತ್ತಿದ್ದ ಜಾಗದಲ್ಲಿ ಈಗ ಪೂರ್ತಿ ರಸ್ತೆಗೆ ಮೆಕ್ಕೆಜೋಳ ಹರವಿದ್ದಾರೆ. ಚೆನ್ನಾಗಿ ಒಣಗುತ್ತದೆ ಎಂದು ಯಜಮಾನರಿಗೆ ಸಮಾಧಾನ.

ಅವರು ಎರಡು ಸೋಮವಾರ ಬೈಕಿನಲ್ಲಿ ಕರೆದುಕೊಂಡು ಹೋದರು. ಅಕ್ಕನ ಮನೆಯ ಬಾಗಿಲಲ್ಲಿ ಬೈಕಿನ ಮೇಲೆಯೇ ಕೂತು ಹಾರ್ನು ಹೊಡೆದರು. ಐದು ಬೆರಳು ಮುಗಿಸಿ ಎದ್ದು ಬಂದೆ. ಮೂರನೆಯ ವಾರ ಅವರಿಗೆ ಕೆಲಸವಿತ್ತು, ನಾಲ್ಕನೆಯ ವಾರವೂ ಇತ್ತು. ಐದನೆಯ ವಾರ ಅಕ್ಕನ ಸೊಸೆ ಫೋನು ಮಾಡಿದಳು. ನನಗಾಗಿ ಕಾದು ಕಾದು, ಇನ್ನು ಇವಳು ಬರುವುದಿಲ್ಲವೆಂದು ಅಕ್ಕ ತಾನೇ ಬ್ಲೇಡು ಹಿಡಿದಿದ್ದಳಂತೆ. ಕಾಲಿನ ಹೆಬ್ಬೆರಳು ಹರಿದಿತ್ತು. ಆ ಗಾಯ ಇನ್ನೂ ಮಾದಿಲ್ಲ. ಬೆರಳು ಉಳಿದಿದೆ ಎಂದು ಡಾಕ್ಟರು ಹೇಳಿದ್ದಾರೆ, ಅಷ್ಟರಮಟ್ಟಿಗೆ ಈಶ್ವರನ ಕೃಪೆ ಎಂದು ನಾನೂ ಎಣಿಸಿಕೊಂಡಿದ್ದೇನೆ. ಆದರೆ ಆ ಕೃಪೆಯನ್ನು ಎಣಿಸುವಾಗ ಕೈ ಮುಗಿಯಲು ಸ್ವಲ್ಪ ತಡವಾಗುತ್ತದೆ.

ಅಂದಿನಿಂದ ಸೋಮವಾರ ನಡೆದೇ ಹೋಗುತ್ತೇನೆ. ಏಳು ಹೋಗಲು, ಏಳು ಬರಲು. ಆಶ್ಚರ್ಯವೆಂದರೆ ಪಾದಯಾತ್ರೆಯ ದಿನದಿಂದ ನನ್ನ ಮಂಡಿ ಒಂದು ಸಲವೂ ನೊಂದಿಲ್ಲ. ಗುಡಿಯ ಮೆಟ್ಟಿಲನ್ನು ಕಂಬ ಹಿಡಿಯದೆ ಹತ್ತುತ್ತೇನೆ. ಯಜಮಾನರು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ, ನಮ್ಮನೆಯವಳ ಹರಕೆ ಫಲಿಸಿತು ಎಂದು. ನಾನು ಇಲ್ಲವೆನ್ನುವ ಹಾಗಿಲ್ಲ. ಏಳು ಕಿಲೋಮೀಟರು ಉದ್ದಕ್ಕೂ ಹೆಜ್ಜೆಗೊಂದು ಸಲ ನಾನು ಕೇಳಿದ್ದು ಕಾಲಿಗೆ ಬಲವನ್ನು. ಬಸ್ಸಿನ ಮಾತನ್ನು ಒಂದು ಸಲವೂ ಎತ್ತಿರಲಿಲ್ಲ. ಎಲ್ಲ ಅವನಿಗೇ ಗೊತ್ತಲ್ಲ ಎಂದುಕೊಂಡಿದ್ದೆ. ನನ್ನ ಜಾಗದಲ್ಲಿ ನಮ್ಮತ್ತೆ ಇದ್ದಿದ್ದರೆ ಹತ್ತು ಗಂಟೆಯದು, ಕೆಂಪನೆಯದು, ಹಿಂದಿನ ಗಾಜು ಒಡೆದದ್ದು, ಇಪ್ಪತ್ತು ನಿಮಿಷ ತಡವಾಗಿ ಬರುವುದು ಎಂದು ಗುರುತು ಹೇಳಿಯೇ ಕೇಳಿರುತ್ತಿದ್ದರು.