ಗೀಸರ್ ಆಂಟಿಯ ಪಾತ್ರ ಮಾಡಿದ್ದು

ದಿನಚರಿ ಬರೆಯುವವರಿಗೆ ಒಂದು ಗುಟ್ಟಿನ ಅಹಂಕಾರವಿರುತ್ತದೆ. ಲೋಕವೆಲ್ಲ ಕಣ್ಣು ಮುಚ್ಚಿಕೊಂಡು ಓಡಾಡುತ್ತಿದೆ, ತಾವೊಬ್ಬರೇ ಎಲ್ಲವನ್ನೂ ಗಮನಿಸುತ್ತಿದ್ದೇವೆ ಎಂದು. ನಾನಂತೂ ತಾರೀಕು ಹಾಕಿ, ಗೆರೆ ಎಳೆದು, ಎಣಿಸಿಯೇ ಬರೆಯುವವಳು. ಪುಟ್ಟೇನಹಳ್ಳಿಯ ನಮ್ಮ ಪಿ.ಜಿ.ಯ ಒಡತಿ ಜಯಮ್ಮ ಆಂಟಿ ಜೂನ್ ತಿಂಗಳಲ್ಲಿ ಎಷ್ಟು ಸಲ ಗೀಸರ್ ಆರಿಸಿದರು ಎಂದು ಕೇಳಿ, ಹೇಳುತ್ತೇನೆ: ನಲವತ್ತೊಂದು. ಸ್ವಿಚ್ಚು ಬಚ್ಚಲಿನ ಹೊರಗಿದೆ. ಏಳು ನಿಮಿಷಕ್ಕೆ ಸೌಟಿನಿಂದ ಬಾಗಿಲು ಬಡಿಯುತ್ತಾರೆ, ಎಂಟಕ್ಕೆ ಆರಿಸುತ್ತಾರೆ. "ಆಂಟಿ, ಸೋಪ್ ಹಚ್ಕೊಂಡಿದ್ದೀನಿ!" ಎಂದು ಒಳಗಿಂದ ಕೂಗಿದರೆ, "ಅಚ್ಕೊಳೋವಾಗ ನನ್ನ ಕೇಳಿದ್ಯಾ? ತಣ್ಣೀರಾಗೆ ತೊಳ್ಕೊ, ಮೈಗೆ ಒಳ್ಳೇದು" ಎಂಬ ಉತ್ತರ ಬರುತ್ತದೆ.

ಹೀಗಾಗಿ ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ಕ್ರೂರಿ ಪಿ.ಜಿ. ಒಡತಿಯ ಪಾತ್ರ ನನಗೆ ಸಿಕ್ಕಾಗ ಮಾದರಿ ಹುಡುಕುವ ಕಷ್ಟವೇ ಬರಲಿಲ್ಲ. ಕಥೆ ಇಷ್ಟು: ಹುಡುಗಿಯೊಬ್ಬಳು ಬಚ್ಚಲಲ್ಲೇ ಸತ್ತುಬಿದ್ದಿದ್ದಾಳೆ. ಒಡತಿಗೆ ಅದು ತಿಳಿಯದೆ, ಬಿಸಿನೀರು ಪೋಲಾಯಿತೆಂದು ಮುಕ್ಕಾಲು ಗಂಟೆ ಹೆಣಕ್ಕೆ ಬೈಯುತ್ತಾಳೆ. ನಾನು ಆಂಟಿಯ ಧ್ವನಿಯಲ್ಲೇ ಬೈದೆ. ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕ ಇಮ್ರಾನ್ ಮಾತ್ರ ತಲೆ ಕೆರೆದುಕೊಂಡ. "ನಗು ಬರ್ತಿದೆ ಗುರು, ಆದ್ರೆ ಇವಳು ಬರೀ ರಾಕ್ಷಸಿ. ಇವಳದೂ ಒಂದು ಸಂಕಟ ಇರತ್ತಲ್ಲ, ಹುಡ್ಕೊಂಡ್ ಬಾ. ನಕ್ಕಿದ್ದಕ್ಕೆ ಜನ ನಾಚ್ಕೋಬೇಕು."

ಹುಡುಕಿದೆ. ಹದಿನೇಳು ದಿನ, ಡೈರಿ ಹಿಡಿದು. ಹದಿನೆಂಟು ಹುಡುಗಿಯರಿಗೆ ಬಡಿಸಿ, ಚಪಾತಿ ಎಣಿಸಿ ಜಗಳವಾಡಿ ಮುಗಿದ ಮೇಲೆ, ಆಂಟಿ ಅಡುಗೆಮನೆ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ನಮ್ಮ ಮುಚ್ಚಿದ ಬಾಗಿಲುಗಳನ್ನು ನೋಡುತ್ತ ಒಬ್ಬರೇ ಉಣ್ಣುತ್ತಿದ್ದರು. 'ನಿಮ್ಮ ಊಟ ಆಯ್ತಾ' ಎಂದು ಅವರನ್ನು ಕೇಳಿದವರ ಸಂಖ್ಯೆ: ಸೊನ್ನೆ. ಎಂಥ ಸೊಗಸಾದ ಸೊನ್ನೆ ಎಂದು ನಾನು ಕುಣಿದಾಡಿದೆ! ಇಮ್ರಾನ್ ಅದನ್ನೇ ಕೊನೆಯ ದೃಶ್ಯ ಮಾಡಿದ.

ಎಡವಿದ್ದು ಸೌಟಿನ ವಿಷಯದಲ್ಲಿ. ಬೇರೆ ಯಾವ ಸೌಟಿಗೂ ಆ ಸದ್ದು ಬರಲಿಲ್ಲವೆಂದು ಆಂಟಿಯದನ್ನೇ ಕೇಳಿದೆ. "ತಗೊಂಡೋಗು. ಆದ್ರೆ ನಾನೂ ಬರ್ತೀನಿ. ನನ್ ಸೌಟು ನಾಟ್ಕದಾಗೆ ಏನ್ ಮಾಡ್ತದೋ ನೋಡ್ಬೇಕು" ಎಂದರು. ಬೇಡ ಎನ್ನಲು ಒಂದು ಸುಳ್ಳೂ ಹೊಳೆಯಲಿಲ್ಲ. ಅವರು ತಮ್ಮನ್ನು ಗುರುತಿಸಿಬಿಟ್ಟರೆ ಏನು ಗತಿ ಎಂದು ಮೂರು ದಿನ ನನಗೆ ಅನ್ನ ಸೇರಲಿಲ್ಲ.

ಬಂದರು, ರೇಷ್ಮೆ ಸೀರೆಯುಟ್ಟು, ಮುಂದಿನ ಸಾಲಿಗೇ. ಸೌಟು ಬಾಗಿಲಿಗೆ ಬಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಬದುಕಿದೆ ಅಂದುಕೊಂಡೆ. ಆಮೇಲೆ ಸ್ಟೂಲಿನ ದೃಶ್ಯ ಬಂತು. ತಟ್ಟೆ ಹಿಡಿದು ಕೂತು, ಮುಚ್ಚಿದ ಬಚ್ಚಲ ಬಾಗಿಲಿಗೆ ಹೇಳಿದೆ: "ನೀನಾದ್ರೂ ಎದುರುತ್ತರ ಕೊಡ್ದೆ ಕೇಳ್ತಿದ್ದೀಯ. ಆಂಟಿ ನಿಮ್ದು ಊಟ ಆಯ್ತಾ ಅಂತ ಒಂದ್ ಮಾತು ಕೇಳ್ಬಾರ್ದಾ?" ಯಾರೋ ಮೂಗು ಒರೆಸಿಕೊಂಡರು. ಆಂಟಿ ನಗುತ್ತಿರಲಿಲ್ಲ.

ವಾಪಸ್ ಇಬ್ಬರೂ ಒಂದೇ ಆಟೋದಲ್ಲಿ ಬಂದೆವು. ಸೌಟು ಅವರ ಮಡಿಲಲ್ಲಿತ್ತು.

"ಬೇಜಾರಾಯ್ತಾ ಆಂಟಿ?"

"ಬೈಯೋದು ಬುಡು, ಅದು ಊರಿಗೇ ಕೇಳ್ತದೆ. ಸ್ಟೂಲ್ ಮೇಲೆ ಉಣ್ಣೋದು ಯಾವಾಗ ನೋಡ್ದೆ?"

"ಹದಿನೇಳು ದಿನ ನೋಡಿದೆ" ಎಂದುಬಿಟ್ಟೆ. ನಿಖರವಾಗಿ ಹೇಳುವ ಚಟ.

"ಅದಿನೇಳ್ ದಿನ ನೋಡ್ದ್ಯಾ?" ಎಂದರು. ಅಷ್ಟೇ. ನಲವತ್ತೊಂದು ಸಲ ತಣ್ಣೀರು ಸುರಿದಾಗಲೂ ನನಗೆ ಹಾಗೆ ಚಳಿ ಹಿಡಿದಿರಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲ ಧೈರ್ಯ ಒಟ್ಟು ಮಾಡಿಕೊಂಡು ಅಡುಗೆಮನೆಗೆ ಹೋಗಿ, "ಆಂಟಿ, ನಿಮ್ದು ಊಟ ಆಯ್ತಾ?" ಎಂದೆ.

ಅವರು ತಿರುಗಿಯೂ ನೋಡದೆ, "ಯಾಕಮ್ಮಾ, ಇನ್ನೊಂದು ನಾಟ್ಕ ಐತಾ?" ಎಂದರು.

ಮುಖ ಕೆಂಪಗೆ ಮಾಡಿಕೊಂಡು ಕೋಣೆಗೆ ಓಡಿಬಂದೆ. ಡೈರಿ ತೆಗೆದು, ತಾರೀಕು ಹಾಕಿ, 'ಕೇಳಿದವರು: ಒಬ್ಬರು' ಎಂದು ಬರೆದೆ. ಕೆಳಗೆ ಗೆರೆಯನ್ನೂ ಎಳೆದೆ. ಆಗ ಹೊಳೆಯಿತು, ಅವರ ಊಟ ಆಗಿತ್ತೋ ಇಲ್ಲವೋ ನನಗೆ ಇನ್ನೂ ಗೊತ್ತಿರಲಿಲ್ಲ.