ಮೇಕೆ ದಾರಿಯಲ್ಲಿ ಸೀತಾರಾಮ ಮೇಷ್ಟ್ರು

ಗುರುವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರು ಮುರಳಿಮೋಹನ್ ಮೊಬೈಲು ತೆಗೆದು ಆ ವಿಡಿಯೊ ತೋರಿಸದಿದ್ದರೆ, ಸಂಸ್ಕೃತದ ಸೀತಾರಾಮ ಮೇಷ್ಟ್ರ ಭಾನುವಾರ ಎಂದಿನಂತೆ ಅವರೆಕಾಯಿ ಸುಲಿಯುತ್ತ ಕಳೆದುಹೋಗುತ್ತಿತ್ತು. ವಿಡಿಯೊದಲ್ಲಿ ಯಾರೋ ದಪ್ಪ ಚಕ್ರದ ಸೈಕಲ್ಲಿನಲ್ಲಿ ಬಂಡೆಗಳ ಮೇಲಿಂದ ಧಡಧಡನೆ ಇಳಿಯುತ್ತಿದ್ದ.

"ಇದೇನು ಮಹಾ? ಹೈಸ್ಕೂಲಲ್ಲಿದ್ದಾಗ ನಾನು ಆವನಿ ಬೆಟ್ಟಾನೇ ಇಳಿದಿದ್ದೀನಿ. ಅದೂ ಬ್ರೇಕಿಲ್ಲದ ಸೈಕಲಲ್ಲಿ!" ಎಂದುಬಿಟ್ಟರು ಮೇಷ್ಟ್ರು. ಅವರು ಆ ಬೆಟ್ಟ ಇಳಿದದ್ದೇನೋ ನಿಜ, ಆದರೆ ಅಜ್ಜಿಯ ಕೈ ಹಿಡಿದುಕೊಂಡು.

ಮುರಳಿಮೋಹನ್ ಬಿಡುವ ಆಸಾಮಿಯಲ್ಲ. ತಾಯಲೂರು ರಸ್ತೆಯಾಚೆಯ ಗುಡ್ಡಗಳನ್ನು ಸೇರಿಸಿ ಮಾಡಿದ್ದ ಹೊಸ ಉದ್ಯಾನದಲ್ಲಿ ಭಾನುವಾರ ಬೆಟ್ಟದ ಸೈಕಲ್ ಸ್ಪರ್ಧೆಯಿತ್ತು. ಸಂಜೆಯೊಳಗೆ ಮೇಷ್ಟ್ರ ಹೆಸರು ಸ್ಪರ್ಧಿಗಳ ಪಟ್ಟಿ ಸೇರಿತು.

ಹೇಗಾದರೂ ತಪ್ಪಿಸಿಕೊಳ್ಳಬೇಕೆಂದು ಯೋಚಿಸುತ್ತ ಮನೆಗೆ ಬಂದರೆ, ಏಳನೇ ಕ್ಲಾಸಿನ ಮಗಳು ಸುಮೇಧಾ ಬಾಗಿಲಲ್ಲೇ ಕುಣಿಯುತ್ತಿದ್ದಳು. "ಅಪ್ಪಾ, ಮುರಳಿ ಸಾರ್ ಎಲ್ಲಾ ಹೇಳಿದ್ರು! ನಮ್ ಕ್ಲಾಸಿನೋರೆಲ್ಲ ನೋಡಕ್ಕೆ ಬರ್ತಾರಂತೆ!"

ಆ ಮುಖ ನೋಡಿದ ಮೇಲೆ ಮೇಷ್ಟ್ರು ತಪ್ಪಿಸಿಕೊಳ್ಳುವ ಯೋಚನೆ ಬಿಟ್ಟರು. ಅಡುಗೆಮನೆಯಿಂದ ಹೆಂಡತಿ ವೆಂಕಟಲಕ್ಷ್ಮಿಯ ದನಿ ಬಂತು. "ಹೋದ್ವರ್ಷ ಹಾಲು ತರಕ್ಕೆ ಸೈಕಲಲ್ಲಿ ಹೋಗಿ ಮೋರಿಗೆ ಬಿದ್ದೋರು ಇವ್ರೇನಾ ಅಂತ ಕೇಳೇ!"

ಭಾನುವಾರ ಬೆಳಿಗ್ಗೆ ಬೀದಿಯ ಜನ ಟೆಂಪೊ ಮಾಡಿಕೊಂಡು ಬಂದು ಗುಡ್ಡದ ಬುಡದ ಟೆಂಟಿನ ಮುಂದೆ ಇಳಿದರು. ಸ್ಪರ್ಧೆ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಪಕ್ಕದ ಮನೆಯ ಶ್ಯಾಮಲಮ್ಮ ಬಾಡಿಗೆ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಹೆಲ್ಮೆಟ್ ಹಾಕಿದ ಮೇಷ್ಟ್ರು ಇಡ್ಲಿ ಪಾತ್ರೆ ಕವುಚಿಕೊಂಡವರಂತೆ ಕಾಣುತ್ತಿದ್ದರು. ಸ್ಪರ್ಧೆ ನಡೆಸುವ ಅನಿಲ್‌ಕುಮಾರ್ ಸೀಟಿ ಊದಿದ. ನಿಂಬೆಹಣ್ಣು ಪಚಕ್ಕೆಂದಿತು.

ಮೊದಲ ತಿರುವಿನಲ್ಲೇ ಉಳಿದವರೆಲ್ಲ ಮಾಯವಾದರು. ಎರಡನೆಯ ತಿರುವಿನಲ್ಲಿ ಮೇಷ್ಟ್ರ ಎದೆ ಕುಲುಮೆಯ ತಿದಿಯಾಯಿತು. ಮೂರನೆಯದರಲ್ಲಿ ಅವರು ಗೇರಿನ ಗುಂಡಿಯನ್ನು ಯಾವ ಕಡೆಗೋ ಒತ್ತಿದರು. ಚೈನು ಕಳಚಿ ಜೋತುಬಿತ್ತು. ಸೈಕಲ್ಲನ್ನು ತಳ್ಳಿಕೊಂಡೇ ಗುಡ್ಡದ ನೆತ್ತಿಗೆ ಬಂದು ಒಂದು ಬಂಡೆಯ ಮರೆಯಲ್ಲಿ ಕೂತರು. ಒಂದು ಗಂಟೆ ಕಳೆಯಲಿ, ಆಮೇಲೆ ಚೈನು ಕೆಟ್ಟಿತೆಂದು ಹೇಳಿಕೊಂಡು ಮೆಲ್ಲಗೆ ಇಳಿದರಾಯಿತು ಎಂಬುದು ಅವರ ಉಪಾಯ.

ಬೆನ್ನನ್ನು ಯಾರೋ ಎಳೆದಂತಾಯಿತು. ತಿರುಗಿದರೆ ಒಂದು ಮೇಕೆ! ಬೆನ್ನಿಗೆ ಅಂಟಿಸಿದ್ದ ನಂಬರಿನ ಚೀಟಿಯಲ್ಲಿ ಅರ್ಧ ಅದರ ಬಾಯಲ್ಲಿತ್ತು.

"ಏಮಯ್ಯಾ ಸಾಮಿ, ಯಾರ ಮ್ಯಾಲೆ ಮುನಿಸ್ಕೊಂಡು ಕುಂತಿದ್ದೀಯ?" ಎನ್ನುತ್ತ ಕೋಲು ಹಿಡಿದ ಮುದುಕಿಯೊಬ್ಬಳು ಬಂದಳು. ಅವಳು ಮೇಕೆ ಕಾಯುವ ಮುನಿಶಾಮಮ್ಮ.

ಯಾಕೋ ಏನೋ, ಮೇಷ್ಟ್ರು ಅವಳೆದುರು ಇದ್ದದ್ದೆಲ್ಲ ಹೇಳಿಕೊಂಡರು. ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ದೇವುಡಾ! ಮನೆಗೆ ಹೋಗಕ್ಕೆ ಇಷ್ಟು ಕಷ್ಟ ಯಾಕೆ? ಇಗೋ, ಈ ಕಡೆ ನಮ್ಮ ಮೇಕೆ ದಾರಿ ಐತೆ. ಸೀದಾ ಟೆಂಟಿನ ಹಿಂದಕ್ಕೇ ಬೀಳ್ತೀಯ."

ಮುದುಕಿಯ ಮಾತು ಅಕ್ಷರಶಃ ನಿಜವಾಯಿತು. ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ಸೈಕಲ್ಲು ಜಾರಿತು. ಸೀಟು ಹಿಡಿದಿದ್ದ ಮೇಷ್ಟ್ರೂ ಅದರ ಹಿಂದೆಯೇ ಜಾರಿದರು. ಬಂಡೆ, ಲಂಟಾನದ ಪೊದೆ, ಮತ್ತೆ ಬಂಡೆ. ಒಮ್ಮೆ ಸೈಕಲ್ಲು ಮೇಲೆ, ಒಮ್ಮೆ ಮೇಷ್ಟ್ರು ಮೇಲೆ. ಕಡೆಗೆ ಇಬ್ಬರೂ ಟೆಂಟಿನ ಪರದೆ ಹರಿದುಕೊಂಡು ಮುಕ್ತಾಯದ ಗೆರೆಯ ಮೇಲೆ ದೊಪ್ಪನೆ ಬಿದ್ದರು.

ಉಳಿದವರ ಸುಳಿವೇ ಇರಲಿಲ್ಲ. "ಸೀತಾರಾಮ ಸಾರ್ ಫಸ್ಟು!" ಎಂದು ಮುರಳಿಮೋಹನ್ ಕಿರುಚಿದ. ಶ್ಯಾಮಲಮ್ಮ ದೃಷ್ಟಿ ತೆಗೆದರು. ಅನಿಲ್‌ಕುಮಾರ್ ಹಾರ ಹಾಕಿ ಮೈಕು ಕೊಟ್ಟ. ಸುಮೇಧಾ ಓಡಿಬಂದು ಅಪ್ಪನ ಸೊಂಟ ತಬ್ಬಿಕೊಂಡು ಗೆಳತಿಯರ ಕಡೆ ನೋಡಿದಳು.

ಮೇಷ್ಟ್ರಿಗೆ ಮೊಣಕೈ ಉರಿಗಿಂತ ಆ ಅಪ್ಪುಗೆಯೇ ಹೆಚ್ಚು ಚುಚ್ಚಿತು. ಸುಮ್ಮನಿದ್ದರೆ ಆಗುತ್ತಿತ್ತು. ಆಗಲಿಲ್ಲ.

"ನಾನು ಗೆದ್ದಿಲ್ಲ," ಎಂದರು ಮೈಕಿನಲ್ಲಿ. "ಸೈಕಲ್ ಓಡಿಸಲೂ ಇಲ್ಲ. ಹಿಂದುಗಡೆ ಮೇಕೆ ದಾರಿಯಲ್ಲಿ ಜಾರ್ಕೊಂಡು ಬಂದೆ. ಚಿಕ್ಕವನಿದ್ದಾಗ ಸೈಕಲಲ್ಲಿ ಬೆಟ್ಟ ಇಳಿದೆ ಅಂದಿದ್ದೂ ಸುಳ್ಳು."

ಅನಿಲ್‌ಕುಮಾರ್ ಹರಿದ ಪರದೆ ದಾಟಿ ಹಿಂದಕ್ಕೆ ಹೋದ. ಸುಮೇಧಾ ತಲೆ ತಗ್ಗಿಸಿ ನೆಲ ನೋಡಿದಳು. ಆಮೇಲೆ ಅವಳ ಪುಟ್ಟ ಕೈ ಅಪ್ಪನ ಬೆರಳು ಹಿಡಿಯಿತು. "ಪರವಾಗಿಲ್ಲ ಬಾ ಅಪ್ಪಾ, ಮನೆಗೆ ಹೋಗೋಣ."

ವೆಂಕಟಲಕ್ಷ್ಮಿ ಹತ್ತಿರ ಬಂದು ಸೆರಗಿನಿಂದ ಗಂಡನ ಮೊಣಕೈಯ ಮಣ್ಣು ಒರೆಸಿದಳು. ಮೂರು ದಿನದಿಂದ ಎದೆಯ ಮೇಲಿದ್ದ ಭಾರವೆಲ್ಲ ಇಳಿದು ಮೇಷ್ಟ್ರು ಹತ್ತಿಯಂತೆ ಹಗುರಾದರು. ಮೂವರೂ ಟೆಂಪೊ ಕಡೆ ಹೊರಟರು.

"ಸಾರ್! ನಿಂತ್ಕೊಳ್ಳಿ ಸಾರ್!" ಅನಿಲ್‌ಕುಮಾರ್ ಏದುಸಿರು ಬಿಡುತ್ತ ಓಡಿಬಂದ. "ಆ ದಾರಿ ನೋಡ್ಬಂದೆ. ಎರಡು ವರ್ಷದಿಂದ ಇಂಥಾ ಇಳಿಜಾರನ್ನೇ ಹುಡುಕ್ತಾ ಇದ್ವಿ! ಮುಂದಿನ ಭಾನುವಾರಾನೇ ಆ ದಾರಿ ಉದ್ಘಾಟನೆ. ಮೊದಲು ಸೈಕಲಲ್ಲಿ ಇಳಿಯೋರು ನೀವೇ!"

"ಅಲ್ಲಪ್ಪಾ, ನಂಗೆ ಸೈಕಲ್ ಸರಿಯಾಗಿ ಬರಲ್ಲ ಅಂತ ಈಗ್ತಾನೇ ಮೈಕಲ್ಲಿ ಹೇಳಿದ್ನಲ್ಲ!"

"ಅದಕ್ಕೇ ಸಾರ್ ನೀವೇ ಬೇಕು! ಬರದೇ ಇರೋರೇ ಇಳಿದ್ರು ಅಂದ್ರೆ ಜನಕ್ಕೆ ಧೈರ್ಯ ಬರುತ್ತೆ."

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಸುಮೇಧಾ.