ಸೈಲೆನ್ಸರಿಗೆ ಹಾಕಿದ ಹಾರ

ದೇವರಲ್ಲಿ ದೊಡ್ಡ ವರ ಕೇಳುವ ಧೈರ್ಯ ನನಗೆ ಎಂದೂ ಬಂದಿಲ್ಲ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿದ್ದರೆ ಸಾಕು, ಆವತ್ತು ದೇವರಿಗೆ ಇನ್ನೊಂದು ಬತ್ತಿ ಹೆಚ್ಚಿಗೆ ಹಚ್ಚುವವಳು ನಾನು. ಹೀಗಿರುವಾಗ ಆತಗೂರಿನ ನಮ್ಮ ಅಂಗಳಕ್ಕೆ ಹೊಸ ಟ್ರ್ಯಾಕ್ಟರ್ ಬಂದರೆ ಸುಮ್ಮನಿರಲಾದೀತೆ? ದಿನಾ ಬೆಳಿಗ್ಗೆ ಅದಕ್ಕೆ ಅರಿಶಿನ, ಕುಂಕುಮ; ನೆಟ್ಟಗೆ ಎದ್ದು ನಿಂತ ಸೈಲೆನ್ಸರಿಗೆ ಕನಕಾಂಬರದ ಹಾರ. ಹಾರ ಹಾಕಲು ಹೇಳಿ ಮಾಡಿಸಿದಂಥ ಕತ್ತು ಆ ಗಾಡಿಯಲ್ಲಿ ಅದೊಂದೇ.

ಆದರೆ ಮಧ್ಯಾಹ್ನ ನಮ್ಮ ಯಜಮಾನರು ಊಟಕ್ಕೆ ಬಂದಾಗ ಒಮ್ಮೊಮ್ಮೆ ಗಾಡಿಯಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿ, ಯಾರೂ ಮುಟ್ಟದೆಯೇ ಎಂಜಿನ್ನು ಜೋರಾಗುತ್ತಿತ್ತು. ಹಾಗಾದಾಗ ಆಫ್ ಮಾಡದೆ ಎಂಜಿನ್ನು ಓಡಲು ಬಿಡಬೇಕೆಂದು ಷೋರೂಮಿನವರು ಇವರಿಗೆ ಹೇಳಿದ್ದರಂತೆ. ಇವರು ನನಗೆ ಹೇಳಿರಲಿಲ್ಲ. ನಾನು ನೋಡಿದರೆ ಹೊಗೆಯ ಕಾವಿಗೆ ಹಾರ ಸೀದು ಕರಕಲು. ದೇವರ ಹೂವು ಸೀಯುವುದುಂಟೇ ಎಂದು ಓಡಿಹೋಗಿ ಕೀ ತಿರುಗಿಸಿಬಿಡುತ್ತಿದ್ದೆ. ಒಳಗೆ ಮುದ್ದೆ ನುಂಗುತ್ತಿದ್ದ ಇವರು ಗಾಡಿ ತನ್ನ ಕೆಲಸ ಮುಗಿಸಿತೆಂದು ನೆಮ್ಮದಿಯಾಗಿರುತ್ತಿದ್ದರು.

ಕಬ್ಬು ಕಡಿದು ತುಂಬಿದ ದಿನವೇ ಗಾಡಿ ಕೈಕೊಟ್ಟಿತು. ಮನೆಯ ಮುಂದಿನ ಏರು ಹತ್ತಲಾರದೆ ಏದುಸಿರು ಬಿಟ್ಟು ನಿಂತಿತು. ಮೇಲೆ ಸುಡುವ ಬಿಸಿಲು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ವರ್ಷದ ದುಡಿಮೆ ಕಣ್ಣೆದುರೇ ಆರಿಹೋಗುತ್ತಿತ್ತು. ನಾನು ಮಾರಮ್ಮನಿಗೆ ಈಡುಗಾಯಿ ಹರಕೆ ಹೊತ್ತೆ. ಇವರು ಮದ್ದೂರಿನ ಮೆಕ್ಯಾನಿಕ್ಕು ರಹಮತ್‌ಗೆ ಫೋನು ಮಾಡಿದರು.

ಆತ ಬಂದು ನೋಡಿ, "ಅಕ್ಕ, ಇದ್ರ ಒಳಗೆ ಮಸಿ ಹಿಡಿಯೋ ಡಬ್ಬ ಅದೆ. ಹೊಗೆ ಚೆನ್ನಾಗಿ ಕಾದ್ರೇನೆ ಆ ಮಸಿ ಸುಟ್ಟೋಗೋದು, ಊರಿನ ಗಾಳಿ ಕೆಡದಂಗಿರೋದು. ಅದಕ್ಕೇ ಎಂಜಿನ್ನು ತಾನೇ ಜೋರಾಗೋದು. ಯಾರೋ ಅರ್ಧಕ್ಕೆ ಆಫ್ ಮಾಡ್ತಾವ್ರೆ, ಮಸಿ ತುಂಬ್ಕೊಂಡು ಗಾಡಿ ನಿಂತೋಯ್ತು," ಎಂದ.

ಇವರು ನನ್ನನ್ನು ನೋಡಿದರು. ನಾನು ಸೈಲೆನ್ಸರನ್ನು ನೋಡಿದೆ.

"ಹಾರ ಸೀಯ್ತಿತ್ತು ಕಣಪ್ಪ."

"ಹೊಗೆ ಕೊಳವೆಗ್ಯಾಕಕ್ಕ ಹಾರ? ಮುಂದ್ಗಡೆ ಬಂಪರ್ ಇಲ್ವಾ?"

ರಹಮತ್ ಹಾರ ತೆಗೆಸಿದ, ಹತ್ತಿರ ಬಿದ್ದಿದ್ದ ಕಬ್ಬಿನ ತರಗನ್ನೆಲ್ಲ ದೂರ ಎಳೆಸಿದ, ಒಂದು ಗುಂಡಿ ಒತ್ತಿದ. ಎಂಜಿನ್ನು ಗುಡುಗತೊಡಗಿತು. ನಮ್ಮತ್ತೆ ಜಗಲಿಯಿಂದಲೇ, "ಏನಮ್ಮಿ, ಡೀಸಲ್ಲು ಸುಮ್ಕೆ ಉರೀತಾ ಕುಂತದೆ, ಆಫ್ ಮಾಡ್ಬಾರ್ದಾ?" ಎಂದು ಕೂಗಿದರು. "ಬುಡತ್ತೆ, ಪೂರ್ತಿ ಸುಟ್ಕೊಳ್ಲಿ," ಎಂದೆ, ಹುಟ್ಟಿದಾಗಿನಿಂದ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡೇ ಬಂದವಳಂತೆ. ದೇವರ ಮನೆಯಲ್ಲಿ ದೀಪ ಆರದಿರಲೆಂದು ಬೇಡುವವಳು, ಆ ಕಿತ್ತಳೆ ದೀಪ ಆರಲೆಂದು ಕೈಮುಗಿದು ನಿಂತೆ. ಕೊನೆಗೆ ಅದು ತಾನಾಗಿ ಆರಿತು. ಗಾಡಿ ಒಂದೇ ಉಸಿರಿಗೆ ಏರು ಹತ್ತಿದಾಗ ನಾನು ಕುಣಿಯದೆ ನಿಂತದ್ದು ಅತ್ತೆಯ ಮೇಲಿನ ಗೌರವದಿಂದ.

ಮೊನ್ನೆ ಇವರು ಕೆಸರುಗಾಲಿನಲ್ಲಿ ನೇರ ದೇವರ ಮನೆಗೇ ನುಗ್ಗಿದರು. ನಾನು ಬೈಯಲು ಶುರು ಮಾಡಿದೆ. ಅತ್ತೆ ಸಮಾಧಾನಕ್ಕೆ ಬಾಯಿ ತೆರೆದರೆ ಇವರು ಕೈ ಅಡ್ಡ ಹಿಡಿದು, "ಸುಮ್ಕಿರವ್ವ, ಅರ್ಧಕ್ಕೆ ಆಫ್ ಮಾಡ್ಬ್ಯಾಡ," ಎಂದರು. ನನಗೆ ನಗು ಬಂದು ಬೈಗುಳ ಅರ್ಧಕ್ಕೇ ನಿಂತುಬಿಟ್ಟಿತು. ಉಳಿದ ಮಸಿ ಇನ್ನೂ ನನ್ನೊಳಗೇ ಇದೆ.